ಪ್ರಾಣಿಗಳನ್ನು ಬಿಟ್ಟು

ಯಾರೂ ಏನನ್ನೂ ಕೇಳಿಕೊಂಡು ಬಾರದ ದಿನಗಳಲ್ಲಿ ಶೋಶಾಮ್ಮನಿಗೆ ತನ್ನ ದನಿಯ ಗುರುತು ತನಗೇ ಸಿಗುತ್ತಿರಲಿಲ್ಲ. ಬೆಳಿಗ್ಗೆ ಎಂಟೂವರೆಗೆ ಮೆಡಿಕಲ್ ಕಾಲೇಜಿನ ಲೈಬ್ರರಿಯ ಬಾಗಿಲು ತೆಗೆದು, ದೀಪ ಹಾಕಿ, ಕಂಪ್ಯೂಟರಿನ ಮುಂದೆ ಕೂತವಳು ಹನ್ನೊಂದಕ್ಕೆ ಹಾಲಿಲ್ಲದ ಕಟ್ಟನ್ ಚಾಯ ತಂದ ಕ್ಯಾಂಟೀನಿನ ಹೆಂಗಸಿಗೆ ‘ಅಲ್ಲಿಡು’ ಎಂದರೆ, ಗಂಟಲೊಳಗಿಂದ ಬೇರೆ ಯಾರೋ ಮಾತಾಡಿದಂತೆ ಕೇಳುತ್ತಿತ್ತು. ಓದುವ ಕೋಣೆಯಲ್ಲಿ ಹುಡುಗರು ಇಲ್ಲವೆಂದಲ್ಲ. ತಣ್ಣನೆಯ ಗಾಳಿಗೆ ಬಂದು, ದಪ್ಪ ಪುಸ್ತಕವೊಂದನ್ನು ತಲೆಗೆ ಕೊಟ್ಟುಕೊಂಡು ನಿದ್ದೆ ಹೋಗುತ್ತಿದ್ದರು. ಅವರು ಅವಳನ್ನು ನೋಡುತ್ತಿದ್ದದ್ದು ಗೋಡೆಯ ಗಡಿಯಾರ ನೋಡಿದ ಹಾಗೆ. ಬೇಕಾದದ್ದು ತಿಳಿದೊಡನೆ ಕಣ್ಣು ಕೆಳಗಿಳಿಯುತ್ತಿತ್ತು. ಇಪ್ಪತ್ತಾರು ವರ್ಷ ಹೀಗೆ ನೋಡಿಸಿಕೊಂಡ ಮುಖ ತನ್ನದು ಎಂದು ಅವಳಿಗೆ ಕೆಲವೊಮ್ಮೆ ಬಾತ್‌ರೂಮಿನ ಕನ್ನಡಿಯಲ್ಲಿ ಥಟ್ಟನೆ ಅನಿಸಿ, ಮುಖ ತೊಳೆಯುವುದನ್ನು ಅರ್ಧಕ್ಕೇ ಬಿಟ್ಟು ಬರುತ್ತಿದ್ದಳು.

ಡಾಕ್ಟರುಗಳಿಗೆ ಲೇಖನ ಹುಡುಕಿಕೊಡುವುದು ಅವಳ ಕೆಲಸ. ಯಾವ ಯಾವುದೋ ದೇಶದ ಯಾವ ಯಾವುದೋ ಆಸ್ಪತ್ರೆಯಲ್ಲಿ ಕೂತು ಜನ ಬರೆದದ್ದೆಲ್ಲ ಒಂದು ಡೇಟಾಬೇಸಿನೊಳಗೆ ಬಿದ್ದಿರುತ್ತದೆ. ಸರಿಯಾಗಿ ಕರೆದರೆ ಎದ್ದು ಬರುತ್ತದೆ, ಇಲ್ಲವಾದರೆ ಪಕ್ಕದಲ್ಲೇ ಮಲಗಿದ್ದರೂ ಏಳುವುದಿಲ್ಲ. ಕಿಡ್ನಿಯನ್ನು ಒಬ್ಬ ಕಿಡ್ನಿ ಎನ್ನುತ್ತಾನೆ, ಇನ್ನೊಬ್ಬ ರೀನಲ್ ಎನ್ನುತ್ತಾನೆ. ಇಂಗ್ಲೆಂಡಿನವನು ಬರೆಯುವ ಅಕ್ಷರವೊಂದನ್ನು ಅಮೆರಿಕದವನು ನುಂಗುತ್ತಾನೆ. ಅಷ್ಟೂ ಹೆಸರುಗಳನ್ನು ನೆನೆದು, ಒಂದೂ ಬಿಡದೆ ಸಾಲಿನಲ್ಲಿ ಕೂರಿಸಿ ಕರೆಯಬೇಕು. ಈ ವಿದ್ಯೆ ತನಗೆ ಕೋರ್ಸಿನಲ್ಲಿ ಬಂದದ್ದಲ್ಲ, ಹೆತ್ತ ಅಮ್ಮಚ್ಚಿಯಿಂದ ಬಂದದ್ದು ಎಂದು ಶೋಶಾಮ್ಮನ ನಂಬಿಕೆ. ಅಮ್ಮಚ್ಚಿ ಕೊನೆಯ ಮೂರು ವರ್ಷ ಮಾತುಗಳನ್ನು ಒಂದೊಂದಾಗಿ ಕಳೆದುಕೊಂಡಳು. ಇಸ್ತ್ರಿಪೆಟ್ಟಿಗೆಗೆ ‘ಆ ಬಿಸಿ ದೋಣಿ’, ಕನ್ನಡಕಕ್ಕೆ ‘ನನ್ನ ಎರಡು ಕಿಟಕಿ’, ಪಾದ್ರಿಗೆ ‘ಬಿಳೀದು ಹಾಕ್ಕೊಂಡು ಹಾಡೋನು’. ಏನೆಂದರೂ ಶೋಶಾಮ್ಮ ಕ್ಷಣ ತಡಮಾಡದೆ ತಂದು ಕೈಗೆ ಕೊಡುತ್ತಿದ್ದಳು. ಒಂದು ಮಧ್ಯಾಹ್ನ ಕಂಜಿ ಕುಡಿಸುತ್ತಿದ್ದಾಗ ಅಮ್ಮಚ್ಚಿ ಅವಳ ಕೈ ತಳ್ಳಿ, ‘ನನಗೊಬ್ಬಳು ಹುಡುಗಿ ಇದಾಳಲ್ಲ, ಓದೋ ಮನೇಲಿ ಕೆಲಸ ಮಾಡ್ತಾಳೆ, ಅವಳನ್ನ ಕರಿ. ನೀನು ಬೇಡ’ ಎಂದಳು. ಶೋಶಾಮ್ಮ ಬಟ್ಟಲು ಹಿಡಿದು ಅಡುಗೆಮನೆಗೆ ಹೋಗಿ, ಸ್ವಲ್ಪ ಹೊತ್ತು ಒಲೆಯ ಹತ್ತಿರ ನಿಂತು, ಅದೇ ಬಟ್ಟಲು ಹಿಡಿದು ತಿರುಗಿ ಬಂದಳು. ‘ಇನ್ನೂ ಬಂದಿಲ್ವಾ ಅವಳು?’ ಎಂದಳು ಅಮ್ಮಚ್ಚಿ.

‘ಚೇಚೀ, ಮಲಗಿದೀರಾ, ಎಚ್ಚರಿದೀರಾ?’

ಅಕ್ಕಾ ಎಂದು ಕರೆದು ಎದುರಿಗೆ ನಿಂತವಳು ನಫೀಸ. ಮೆಡಿಸಿನ್ ವಿಭಾಗದಲ್ಲಿ ಎರಡನೇ ವರ್ಷದ ಪಿಜಿ ಮಾಡುತ್ತಿದ್ದ ಮಲಪ್ಪುರದ ಹುಡುಗಿ. ಬಿಳಿ ಕೋಟಿನ ಜೇಬಿನಲ್ಲಿ ಬಾಳೆಕಾಯಿ ಚಿಪ್ಸಿನ ಪೊಟ್ಟಣ ಇಟ್ಟುಕೊಂಡೇ ವಾರ್ಡು ಸುತ್ತುವವಳು. ‘ಈ ಕಂಪ್ಯೂಟರಿಗೆ ನನ್ನ ಕಂಡ್ರೆ ಆಗಲ್ಲ ಚೇಚಿ. ಏನ್ ಕೇಳಿದ್ರೂ ಹದಿನೆಂಟು ಸಾವಿರ ತಂದು ತಲೆ ಮೇಲೆ ಸುರೀತದೆ. ಇನ್ನೊಂಚೂರು ಸೇರಿಸಿ ಕೇಳಿದ್ರೆ ಒಂದೂ ಇಲ್ಲ ಅಂತದೆ.’

‘ನೀನು ಏನು ಕೇಳಿದೆ?’

‘ಹಾವು ಕಚ್ಚಿ ಐದು ದಿನ ಆದ್ಮೇಲೆ ಯಾಕೆ ಕಿಡ್ನಿ ಕೆಟ್ಟುಹೋಗ್ತದೆ ಅಂತ.’

‘ಹಂಗೇ ಬರೆದ್ಯಾ? ಅದೇನು ನಿಮ್ಮ ಮಾವನಾ, ಕೂತು ಕತೆ ಹೇಳೋಕೆ?’ ಬೆಳಗಿನಿಂದ ಮೊದಲ ಸಲ ಆಡಿದ ಇಷ್ಟುದ್ದದ ಮಾತಿಗೆ ಶೋಶಾಮ್ಮನಿಗೇ ನಗು ಬಂತು. ಕುರ್ಚಿ ಎಳೆದು ಪಕ್ಕಕ್ಕೆ ಕೂರಿಸಿಕೊಂಡಳು. ‘ನಿನ್ನ ಮನಸ್ಸಲ್ಲಿರೋದನ್ನ ಅದು ಹುಡುಕಲ್ಲ ಮಗಳೇ, ನೀನು ಬರೆದದ್ದನ್ನ ಹುಡುಕ್ತದೆ. ಯಾಕೆ, ಹೇಗೆ ಎಲ್ಲ ಬಿಡು. ನಿನ್ನ ಪ್ರಶ್ನೇಲಿ ಇರೋ ವಸ್ತು ಯಾವುದು? ಒಂದು ಹಾವು. ಒಂದು ಕಿಡ್ನಿ. ಒಂದು ತಡ. ಮೂರು ಗುಂಪು ಮಾಡು. ಗುಂಪಿನೊಳಗೆ ಒಂದೇ ವಸ್ತುವಿನ ಬೇರೆ ಬೇರೆ ಹೆಸರು, ನಡುವೆ ‘ಆರ್’ ಹಾಕು. ಇದಿರಬಹುದು, ಅದಿರಬಹುದು, ಯಾವುದಿದ್ರೂ ಬಾ ಅಂತ. ಆಮೇಲೆ ಗುಂಪು ಗುಂಪಿನ ನಡುವೆ ‘ಆ್ಯಂಡ್’. ಮೂರೂ ಗುಂಪಿಂದ ಒಬ್ಬೊಬ್ಬರಾದ್ರೂ ಇದ್ರೇನೇ ಬಾ ಅಂತ. ಯಾವ ಹಾವು?’

‘ರಬ್ಬರ್ ತೋಟದ್ದು. ಚುರುಟ್ಟ ಅಂತಾರಲ್ಲ. ಕುಳಿಮಂಡಲಿ, ಮಂಡಲದ ಜಾತಿ. ಮರ ಕೊಯ್ದು ಹಾಲು ಇಳಿಸೋ ಟ್ಯಾಪಿಂಗಿಗೆ ಹೋದ ಹೆಂಗಸು ಚೇಚಿ, ತಂಗಮಣಿ ಅಂತ. ಕಾಲಿಗೆ ಕಚ್ತು. ಗಂಡ ಹಾವನ್ನೂ ಹಾರ್ಲಿಕ್ಸ್ ಬಾಟ್ಲೀಲಿ ಹಿಡ್ಕೊಂಡು ಬಂದ. ಒಂದು ದಿನ ಇಟ್ಕೊಂಡ್ವಿ, ರಕ್ತ ಎಲ್ಲ ಸರಿ ಇತ್ತು, ಮನೆಗೆ ಕಳಿಸಿದ್ವಿ. ಐದನೇ ದಿನ ಮುಖ ಊದ್ಕೊಂಡು ಬಂದ್ಲು, ಒಂದು ತೊಟ್ಟು ಮೂತ್ರ ಇಲ್ಲ. ಈಗ ಡಯಾಲಿಸಿಸ್ ಮೇಲಿದಾಳೆ. ನಮ್ಮ ಉಮ್ಮನ್ ಸಾರ್ ರಿಸರ್ಚ್ ಪೇಪರಿನಲ್ಲೇ ಬರೆದಿದಾರಲ್ಲ, ಇಪ್ಪತ್ತನಾಲ್ಕು ಗಂಟೆ ಕಳೆದ್ರೆ ಭಯ ಇಲ್ಲ, ಆಮೇಲೆ ಕೆಟ್ಟದ್ದು ಎಲ್ಲೂ ವರದಿಯಾಗಿಲ್ಲ ಅಂತ. ಹಂಗಾದ್ರೆ ನನ್ನ ತಂಗಮಣೀನೇ ಮೊದಲನೆಯವಳು! ಜರ್ನಲ್ಲಿಗೆ ಕಳಿಸ್ಬಹುದು!’

ಆ ಪೇಪರಿಗೆ ಲೇಖನ ಹುಡುಕಿಕೊಟ್ಟವಳು ಶೋಶಾಮ್ಮ. ಒಂದೂವರೆ ವರ್ಷದ ಹಿಂದೆ. ಹೊಸದಾಗಿ ಯಾಕೆ ಬರೆಯಬೇಕು, ನನ್ನದೇ ಇದೆ, ನೋಡಿ ಕಲಿ ಎಂದು ಹುಡುಕಾಟದ ಹಳೆಯ ಸಾಲನ್ನು ತೆರೆದು ತೋರಿಸಿದಳು. ಅದನ್ನು ಇನ್ನೊಬ್ಬರಿಗೆ ತೋರಿಸುವ ಸಂದರ್ಭ ಅವಳಿಗೆ ಬಂದಿರಲಿಲ್ಲ. ಒಂದೇ ಹಾವಿಗೆ ಹದಿನಾಲ್ಕು ಹೆಸರು ಕೂಡಿಸಿದ್ದಳು; ಶಾಸ್ತ್ರದ ಹೆಸರು, ಬಿಟ್ಟುಹೋದ ಹಳೆಯ ಹೆಸರು, ಸಿಂಹಳದವರು ಇಂಗ್ಲಿಷಿನಲ್ಲಿ ಬರೆಯುವ ಹೆಸರು. ನಫೀಸ ಬಾಯಿ ತೆರೆದು ನೋಡುತ್ತಿದ್ದಳು. ಆ ನೋಟವನ್ನು ಶೋಶಾಮ್ಮ ಮೈಗೆ ಬಿಸಿಲು ಹಾಯಿಸಿಕೊಂಡಂತೆ ಹಾಯಿಸಿಕೊಂಡಳು. ಬೆರಳು ಸಾಲಿನ ಕೊನೆಗೆ ಬಂತು.

‘ಇದೇನು ಚೇಚಿ, ನಾಟ್ ಅಂತ?’

‘ಪ್ರಾಣಿಗಳನ್ನು ಬಿಟ್ಟು ಅಂತ. ಇಲಿ ಮೊಲಕ್ಕೆ ವಿಷ ಚುಚ್ಚಿ ನೋಡಿದ್ದೆಲ್ಲ ಬೇಡ, ಮನುಷ್ಯರದ್ದು ಮಾತ್ರ ಸಾಕು ಅಂತ.’

ನಫೀಸ ಚಿಪ್ಸು ಅಗಿಯುತ್ತ ಪರದೆ ನೋಡಿದಳು. ‘ಅಲ್ಲ ಚೇಚಿ, ಹಾವೂ ಪ್ರಾಣೀನೇ ಅಲ್ವಾ?’

ತಮಾಷೆಗೇ ಅಂದಿದ್ದಳು. ಆಗಲೇ ಅವಳ ಫೋನು ಗುನುಗಿ, ‘ವಾರ್ಡಿಂದ, ಬಂದೆ ಚೇಚಿ’ ಎಂದು ಕೋಟು ಹಾರಿಸಿಕೊಂಡು ಓಡಿದಳು. ಶೋಶಾಮ್ಮ ‘ಹೂಂ’ ಎಂದಳೋ ಇಲ್ಲವೋ. ಕಣ್ಣು ಸಾಲಿನ ಕೊನೆಯಲ್ಲೇ ಇತ್ತು. ಡೇಟಾಬೇಸಿನಲ್ಲಿ ಪ್ರತಿ ಲೇಖನಕ್ಕೂ ಚೀಟಿ ಅಂಟಿಸಿರುತ್ತಾರೆ, ಇದು ಮನುಷ್ಯರದ್ದು, ಇದು ಪ್ರಾಣಿಗಳದ್ದು ಎಂದು. ಹಾವು ಕಚ್ಚಿದ ಮನುಷ್ಯನ ಲೇಖನಕ್ಕೆ ಎರಡೂ ಚೀಟಿ ಬೀಳುತ್ತದೆ. ಪ್ರಾಣಿಯ ಚೀಟಿ ಇದ್ದದ್ದನ್ನೆಲ್ಲ ಬಿಡು ಎಂದರೆ ಇಲಿಗಳ ಹಿಂದೆಯೇ ಮನುಷ್ಯನೂ ಹೊರಗೆ ಹೋಗುತ್ತಾನೆ. ಇದು ಅವಳಿಗೆ ಗೊತ್ತಿತ್ತು. ಬರೀ ಪ್ರಾಣಿಗಳದ್ದನ್ನು ಬಿಡು, ಮನುಷ್ಯರೂ ಇರುವುದನ್ನು ಇಟ್ಟುಕೋ ಎಂದು ಬರೆಯಬೇಕೆಂದು ಎಷ್ಟೋ ಹುಡುಗರಿಗೆ ಅವಳೇ ಪಾಠ ಹೇಳಿದ್ದಳು.

ಒಂದೂವರೆ ವರ್ಷದ ಹಿಂದಿನ ಆ ದಿನ ಅವಳು ಸಾವಿರದ ನೂರ ನಲವತ್ತು ಲೇಖನಗಳ ಪಟ್ಟಿ ಹಿಡಿದು ಮೆಡಿಸಿನ್ ಮುಖ್ಯಸ್ಥ ಉಮ್ಮನ್ ಡಾಕ್ಟರ ಕೋಣೆಗೆ ಹೋಗಿದ್ದಳು. ಎದುರಿಗೆ ಐದಾರು ಪಿಜಿ ಹುಡುಗರು ಕೂತಿದ್ದರು. ‘ಶೋಶಾಮ್ಮ, ನಾನು ಮೀನು ತಾ ಅಂದ್ರೆ ನೀನು ಸಮುದ್ರಾನೇ ತಂದಿದೀಯಲ್ಲ! ಇದನ್ನ ಓದೋದು ಯಾರು, ನಿಮ್ಮಪ್ಪನಾ? ಅರ್ಧ ಇಲಿ ಮೊಲದ ಪುರಾಣ. ಇನ್ನೂರರೊಳಗೆ ತಾ’ ಎಂದಿದ್ದರು. ಹುಡುಗರು ನಕ್ಕರು. ಒಬ್ಬ ನಗದೆ ತಲೆ ತಗ್ಗಿಸಿದ. ಅದೇ ಹೆಚ್ಚು ನೋಯಿಸಿತು. ಲೈಬ್ರರಿಗೆ ಬಂದು, ಕಿವಿ ಇನ್ನೂ ಸುಡುತ್ತಿದ್ದಾಗಲೇ, ಸಾಲಿನ ಕೊನೆಗೆ ‘ನಾಟ್ ಆ್ಯನಿಮಲ್ಸ್’ ಎಂಬ ಆ ಎರಡು ಪದ ಬರೆದಳು. ನೂರ ಎಂಬತ್ತೇಳಕ್ಕೆ ಬಿತ್ತು. ಅಷ್ಟೊಂದು ಬೀಳಬಾರದು ಎಂದು ಒಳಗೆ ಏನೋ ಚುರ್ ಎಂದಿತು. ಎಂದದ್ದು ನಿಜ. ಅವಳು ಅದನ್ನು ಕೇಳಿಸಿಕೊಂಡಳು. ಕೇಳಿಸಿಕೊಂಡು, ಪ್ರಿಂಟ್ ಕೊಟ್ಟಳು. ‘ನೋಡಿದ್ಯಾ, ಮನಸ್ಸು ಮಾಡಿದ್ರೆ ನಿನಗೆ ಬರ್ತದೆ’ ಎಂದಿದ್ದರು ಉಮ್ಮನ್ ಡಾಕ್ಟರು. ಆ ಒಂದು ಮಾತಿಗೆ ಶೋಶಾಮ್ಮ ಸಂಜೆ ಪೇಟೆಗೆ ಹೋಗಿ ಕರಿಮೀನು ತಂದು, ನರ್ಸಿಂಗ್ ಹಾಸ್ಟೆಲಿನ ಹಿಂದಿದ್ದ ತನ್ನ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ತನ್ನೊಬ್ಬಳಿಗೇ ಮಸಾಲೆ ಹಚ್ಚಿ ಹುರಿದು ತಿಂದಿದ್ದಳು.

ಈಗ ಅವಳು ಸಾಲನ್ನು ತಿದ್ದಿದಳು. ಎಂಟುನೂರ ಅರುವತ್ತೆರಡು. ತಡವಾಗಿ ಕಿಡ್ನಿ ಕೆಟ್ಟವರು ಎಂಬ ಗುಂಪನ್ನು ಕೂಡಿಸಿ ಮತ್ತೆ ಕರೆದಳು. ಮೂವತ್ತನಾಲ್ಕು. ಒಂದೊಂದಾಗಿ ತೆರೆದು ಓದಿದಳು. ಊಟದ ಗಂಟೆ ಹೊಡೆದದ್ದು, ಹುಡುಗರು ಎದ್ದು ಹೋದದ್ದು, ಮತ್ತೆ ಬಂದು ಮಲಗಿದ್ದು ಯಾವುದೂ ತಿಳಿಯಲಿಲ್ಲ. ಮೂವತ್ತನಾಲ್ಕರಲ್ಲಿ ಹನ್ನೊಂದು ಖಚಿತವಾಗಿ ಅವಳು ಹೊರಗೆ ನಿಲ್ಲಿಸಿದ್ದಂಥವು. ಮೂರನೇ ದಿನ ಒಬ್ಬ ಶಾಲಾ ಮಾಸ್ತರ. ನಾಲ್ಕನೇ ದಿನ ಒಬ್ಬ ಬಾಣಂತಿ. ಏಳನೇ ದಿನ ಒಬ್ಬ ಮುದುಕ, ಅವನು ಸತ್ತ. ಯಾರೋ ಡಾಕ್ಟರು ಯಾವುದೋ ಊರಲ್ಲಿ, ಇನ್ನೊಬ್ಬರಿಗೆ ಹೀಗಾಗದಿರಲಿ ಎಂದು ಬರೆದಿಟ್ಟಿದ್ದರು. ಅವರೆಲ್ಲ ಒಂದೂವರೆ ವರ್ಷ ಬಾಗಿಲ ಹೊರಗೇ ಇದ್ದರು. ಪೇಪರು ಅಚ್ಚಾಗಿ ಬಂದಾಗ ಅವಳು ಮೊದಲು ತಿರುವಿದ್ದು ಕೊನೆಯ ಪುಟ, ಕೃತಜ್ಞತೆಗಳು. ಸಂಖ್ಯಾಶಾಸ್ತ್ರದವನಿಗೆ ವಂದನೆ ಇತ್ತು. ಟೈಪು ಮಾಡಿದವಳಿಗೆ ಇತ್ತು. ಇನ್ನೊಂದು ಪುಟ ಇರಬೇಕೆಂದು ಹಿಂದೆ ಮುಂದೆ ಹುಡುಕಿದ್ದಳು.

ಮೂರು ಗಂಟೆಗೆ ಉಮ್ಮನ್ ಡಾಕ್ಟರ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವರು ಕಾಲಿನ ಬೂಟು ಕಳಚಿ ಸ್ಟೂಲಿನ ಮೇಲೆ ಪಾದ ಚಾಚಿ ಕೂತಿದ್ದರು. ಅವಳನ್ನು ಕಂಡು ಇಳಿಸಲಿಲ್ಲ. ನಿಂತುಕೊಂಡೇ ಹೇಳಿದಳು.

‘ಇನ್ನೂರು ಅಂದೆ. ಹಾವನ್ನೇ ತೆಗಿ ಅಂದಿದ್ನಾ?’

‘ಇಲ್ಲ ಸಾರ್. ಸಂಖ್ಯೆ ಅಷ್ಟು ಬಿದ್ದದ್ದು ನಾನು ನೋಡಿದ್ದೆ. ನೋಡಿ ಸುಮ್ಮನಾದೆ.’

ಬೈಯುತ್ತಾರೆಂದು ಅವಳು ಕಾದಳು. ಬೈದಿದ್ದರೆ ಹಗುರಾಗಿ ಎಲ್ಲಿಯಾದರೂ ಹೋಗಿ ಕೂರಬಹುದಿತ್ತು. ಆದರೆ ಅವರ ದನಿ ಮೆತ್ತಗಾಯಿತು. ‘ನೋಡು ಶೋಶಾಮ್ಮ. ಇಟ್ಕೊಂಡಿದ್ರೂ ಆ ಹೆಂಗಸಿನ ಕಿಡ್ನಿ ಕೆಡ್ತಿತ್ತೋ ಏನೋ. ಎರಡು ದಿನ ಮುಂಚೆ ಗೊತ್ತಾಗ್ತಿತ್ತು, ಅಷ್ಟೆ. ಮುಂದಿನ ತಿಂಗಳ ಮೀಟಿಂಗಲ್ಲಿ ಇಡ್ತೀನಿ. ನಿನ್ನ ಹೆಸರೇ ಎಲ್ಲೂ ಇಲ್ಲವಲ್ಲ, ನೀನ್ಯಾಕೆ ಒದ್ದಾಡ್ತೀಯ? ಹೋಗು, ಚಾಯ ಕುಡಿ.’

ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದರು. ಆದರೆ ಅದು ತಾಗಿದ ಜಾಗ ಬೇರೆ. ಹೆಸರಿಲ್ಲದವಳಿಗೆ ತಪ್ಪೂ ಇಲ್ಲ. ತಾನು ಮಾಡಿದ್ದೂ ತನ್ನದಲ್ಲ, ಕೆಡಿಸಿದ್ದೂ ತನ್ನದಲ್ಲ ಎನ್ನುವುದಾದರೆ ಇಪ್ಪತ್ತಾರು ವರ್ಷ ಆ ಕುರ್ಚಿಯಲ್ಲಿ ಕೂತದ್ದು ಯಾರು? ಅವಳು ಬಾಗಿಲವರೆಗೆ ಹೋದಳು. ಕ್ಯಾಶುವಲ್ಟಿಯ ಗೋಡೆ ಮನಸ್ಸಿನ ಕಣ್ಣಿಗೆ ಬಂತು. ಆ ಪೇಪರಿನ ಆಧಾರದ ಮೇಲೆ ಅಲ್ಲೊಂದು ಹಾಳೆ ಅಂಟಿಸಿದ್ದರು, ಕುಳಿಮಂಡಲಿಗೆ ಇಪ್ಪತ್ತನಾಲ್ಕು ಗಂಟೆ ಎಂದು ದೊಡ್ಡ ಅಕ್ಷರದಲ್ಲಿ. ಟ್ಯಾಪಿಂಗಿನ ಕಾಲ. ನಾಳೆ ಬೆಳಿಗ್ಗೆಯೂ ಹಣೆಗೆ ದೀಪ ಕಟ್ಟಿಕೊಂಡು ಜನ ತೋಟಕ್ಕೆ ಹೋಗುತ್ತಾರೆ.

ತಿರುಗಿ ಬಂದು ಹನ್ನೊಂದು ಲೇಖನಗಳ ಪಟ್ಟಿಯನ್ನು ಮೇಜಿನ ಮೇಲೆ, ಅವರ ಕೈಗೆ ಎಟಕುವಂತೆ ಇಟ್ಟಳು. ಒಂದೊಂದರ ಕೆಳಗೂ ಒಂದೊಂದು ಸಾಲು ಬರೆದಿದ್ದಳು: ಎಷ್ಟನೇ ದಿನ, ಏನಾಯಿತು. ಇಟ್ಟು, ಹೋಗದೆ ನಿಂತಳು.

‘ಮತ್ತೇನು?’

‘ಓದಿ ಸಾರ್.’

‘ಆಮೇಲೆ ಓದ್ತೀನಿ.’

‘ಈಗ ಓದಿ ಸಾರ್. ನಾನು ಇಲ್ಲೇ ಇರ್ತೀನಿ.’

ಯಾರ ಎದುರಿಗೂ ಅವಳು ಹೀಗೆ ನಿಂತವಳಲ್ಲ. ಉಳಿದ ಹಾಳೆಗಳ ಕಟ್ಟನ್ನು ಮುಂದೆ ಹಿಡಿದುಕೊಂಡಳು. ಉಮ್ಮನ್ ಡಾಕ್ಟರು ಕನ್ನಡಕ ಹಾಕಿಕೊಂಡರು. ಐದನೆಯದಕ್ಕೆ ಬಂದಾಗ ಪಾದ ಕೆಳಗಿಳಿಸಿದರು. ಒಂಬತ್ತನೆಯದಕ್ಕೆ ಬೂಟು ಹುಡುಕಿದರು. ಏನೂ ಅನ್ನದೆ ಎದ್ದು, ವರಾಂಡದುದ್ದಕ್ಕೂ ಮುಂದೆ ಮುಂದೆ ನಡೆದು ಕ್ಯಾಶುವಲ್ಟಿಗೆ ಹೋಗಿ, ಗೋಡೆಯ ಹಾಳೆಯನ್ನು ಉಗುರಿನಿಂದ ಕಿತ್ತು, ಅದರ ಬೆನ್ನಿಗೇ ಸ್ವಂತ ಕೈಯಿಂದ ಬರೆದರು: ಮೂರು ದಿನ ಇಟ್ಟುಕೊಳ್ಳುವುದು, ಮನೆಗೆ ಹೋದ ಮೇಲೂ ಒಂದು ವಾರ ದಿನಾ ಮೂತ್ರ ಮತ್ತು ರಕ್ತ ನೋಡುವುದು. ಸಿಸ್ಟರುಗಳು ಎದ್ದು ನಿಂತು ನೋಡುತ್ತಿದ್ದರು.

‘ಜರ್ನಲ್ಲಿಗೂ ಬರೀತೀನಿ’ ಎಂದರು, ಅವಳ ಕಡೆ ನೋಡದೆ. ‘ನಿನ್ನ ಹೆಸರು ಬರಲ್ಲ, ಹೆದರಬೇಡ.’

‘ಬರಲಿ ಸಾರ್.’

‘ಹುಚ್ಚಿ’ ಎಂದರು.

ನಾಲ್ಕು ಗಂಟೆಗೆ ನೋಡಲು ಬರುವವರ ಹೊತ್ತು. ಶೋಶಾಮ್ಮ ಐಡಿ ಕಾರ್ಡನ್ನು ಕೊರಳಿಂದ ತೆಗೆದು ಚೀಲದಲ್ಲಿ ಹಾಕಿಕೊಂಡು ಹೆಂಗಸರ ವಾರ್ಡಿಗೆ ಹೋದಳು. ಏನು ಹೇಳಬೇಕೆಂದು ಮೆಟ್ಟಿಲುದ್ದಕ್ಕೂ ವಾಕ್ಯ ಕಟ್ಟಿ ಒಡೆದಳು. ತಂಗಮಣಿ ಕಿಟಕಿಯ ಪಕ್ಕದ ಮಂಚದಲ್ಲಿದ್ದಳು. ನಲವತ್ತರ ಆಸುಪಾಸು, ಊದಿದ ರೆಪ್ಪೆ, ಬೆರಳ ಸಂದಿಯಲ್ಲಿ ತೊಳೆದರೂ ಹೋಗದ ರಬ್ಬರ್ ಹಾಲಿನ ಕಪ್ಪು. ಕೆಳಗೆ ಪೇಪರ್ ಹಾಸಿಕೊಂಡು ಅವಳ ಗಂಡ ಭಾರ್ಗವನ್ ಕೂತಿದ್ದ. ಶೋಶಾಮ್ಮನನ್ನು ಕಂಡು ಎದ್ದು ಸ್ಟೂಲು ಕೊಟ್ಟ.

‘ಪ್ರಾರ್ಥನೆ ಮಾಡೋಕೆ ಬಂದ್ರಾ ಅಮ್ಮ? ನಾವು ಚರ್ಚಿನ ಕಡೆಯವರಲ್ಲ. ಆದ್ರೂ ಮಾಡಿ, ಪರವಾಗಿಲ್ಲ.’

‘ಅಲ್ಲ. ನಾನು ಇಲ್ಲಿ ಲೈಬ್ರರೀಲಿ ಕೆಲಸ ಮಾಡೋದು’ ಎಂದಳು. ಆಮೇಲೆ ಹೇಳಿದಳು. ಲೇಖನ ಎಂದಳು, ಹುಡುಕುವುದು ಎಂದಳು, ಒಂದು ಮಾತು ತಪ್ಪಾಗಿ ಬರೆದೆ, ಅದರಿಂದ ನಿನ್ನನ್ನು ಬೇಗ ಮನೆಗೆ ಕಳಿಸಿದರು ಎಂದಳು. ತನ್ನ ಕಿವಿಗೇ ಅದು ಯಾವುದೋ ದೂರದ ಊರಿನ ವರ್ತಮಾನದಂತೆ ಕೇಳಿತು. ಗಂಡ ಹೆಂಡತಿ ಪರಸ್ಪರ ಮುಖ ನೋಡಿಕೊಂಡರು.

‘ಪುಸ್ತಕದ ಮೇಡಮ್ಮಾ?’ ಎಂದ ಭಾರ್ಗವನ್. ‘ಹಾವು ಕಚ್ಚಿದ್ದಕ್ಕೆ ನೀವೇನ್ ಮಾಡ್ತೀರಿ ಅಮ್ಮ?’

‘ಅಯ್ಯೋ ಚೇಚಿ, ಅದಕ್ಕಾ ಬಂದ್ರಿ!’ ತಂಗಮಣಿ ಬಾಡಿದ ತುಟಿಯಲ್ಲಿ ನಕ್ಕಳು. ‘ಅವರು ಹೋಗು ಅನ್ನೋಕೆ ಮುಂಚೇನೆ ನಾನು ಸೀರೆ ಉಟ್ಕೊಂಡು ಕೂತಿದ್ದೆ. ಕರು ಹಾಕಿ ಎಂಟು ದಿನ ಆಗಿತ್ತು ಹಸು, ಇವನಿಗೆ ಮೊಲೆ ಮುಟ್ಟೋಕೆ ಕೊಡಲ್ಲ ಅದು. ಕಟ್ಟಿ ಹಾಕಿದ್ರೂ ಇರ್ತಿರ್ಲಿಲ್ಲ ನಾನು. ಇಲ್ಲೇ ಕೇಳಿ ಬೇಕಾದ್ರೆ.’

‘ಅದು ನಿಜ’ ಎಂದ ಗಂಡ. ‘ಜಗಳ ಆಡಿ ಹೋದ್ಲು.’

ಶೋಶಾಮ್ಮ ಸ್ಟೂಲಿನ ಅಂಚಿಗೆ ಕೂತಿದ್ದಳು. ಅಷ್ಟು ದೂರದಿಂದ ಎದೆಗವುಚಿಕೊಂಡು ತಂದದ್ದನ್ನು ಇಳಿಸಲು ಇಲ್ಲೂ ಜಾಗವಿರಲಿಲ್ಲ. ಒಬ್ಬರು ನಿನ್ನ ಹೆಸರಿಲ್ಲ ಎಂದರು, ಇನ್ನೊಬ್ಬರು ಹಸುವಿನ ಹೆಸರು ಹೇಳಿದರು. ಕ್ಷಮಿಸಲೂ ಯಾರೂ ತಯಾರಿಲ್ಲದಷ್ಟು ದೂರದಲ್ಲಿ ತಾನಿದ್ದೇನೆ ಎನಿಸಿತು. ತಂಗಮಣಿ ಆಗಲೇ ಬೇರೆ ಮಾತಿಗೆ ಹೋಗಿದ್ದಳು. ಅಂಗೈಯಷ್ಟು ನೀರು ಕುಡಿಯಲೂ ಬಿಡುವುದಿಲ್ಲ, ಇಡೀ ದಿನ ಹೊಳೆಯ ಕನಸು ಬೀಳುತ್ತದೆ ಎಂದು ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಶೋಶಾಮ್ಮನ ಮೊಣಕೈ ಹಿಡಿದುಕೊಂಡಿದ್ದಳು. ಅದು ಅವಳ ಮಾತಿನ ರೂಢಿಯಿರಬೇಕು. ಅಮ್ಮಚ್ಚಿ ಹೋದಂದಿನಿಂದ, ಶೋಶಾಮ್ಮನ ಕೈಯನ್ನು ಯಾರಾದರೂ ಹಿಡಿದು ಎರಡು ವರ್ಷವಾಗಿತ್ತು. ಅವಳು ಅಲುಗಾಡದೆ ಕೂತಳು, ಅಲುಗಾಡಿದರೆ ಅದು ನೆನಪಾಗಿ ಬಿಟ್ಟುಬಿಡುತ್ತಾಳೆಂದು.

ಮರುದಿನವೂ ಹೋದಳು. ಅದರ ಮರುದಿನವೂ. ನೋಡಿ ಬರುವುದು ತನ್ನ ಪ್ರಾಯಶ್ಚಿತ್ತ ಎಂದು ಮೊದಲ ವಾರ ತನಗೆ ಹೇಳಿಕೊಂಡಳು. ಎರಡನೇ ವಾರ ಹಾಗೆ ಹೇಳಿಕೊಳ್ಳಲು ನಾಚಿಕೆಯಾಯಿತು. ನಾಲ್ಕು ಗಂಟೆ ಯಾವಾಗ ಆಗುತ್ತದೆಂದು ಮಧ್ಯಾಹ್ನದಿಂದಲೇ ಗಡಿಯಾರ ನೋಡುವಂತಾಗಿತ್ತು. ನಫೀಸ ಹನ್ನೊಂದು ಲೇಖನವನ್ನೂ ಓದಿ, ತನ್ನ ತಂಗಮಣಿ ಮೊದಲನೆಯವಳಲ್ಲ, ಹನ್ನೆರಡನೆಯವಳು ಎಂದು ಒಂದು ದಿನ ಸಪ್ಪಗಾದಳು, ಮಾರನೇ ದಿನ ಹನ್ನೆರಡನೆಯದಾಗಿಯೇ ಬರೆಯಲು ಕೂತಳು. ಉಮ್ಮನ್ ಡಾಕ್ಟರು ಜರ್ನಲ್ಲಿಗೆ ಕಳಿಸಿದ ತಿದ್ದುಪಡಿಯ ಪ್ರತಿಯನ್ನು ಶೋಶಾಮ್ಮನಿಗೂ ಕಳಿಸಿದರು. ನಾಲ್ಕು ಸಾಲು. ಹುಡುಕಾಟದಲ್ಲಿ ಆದ ತಾಂತ್ರಿಕ ದೋಷದಿಂದ, ಎಂದು ಶುರುವಾಗುತ್ತಿತ್ತು. ಶೋಶಾಮ್ಮ ಎರಡು ಸಲ ಓದಿದಳು. ತಾಂತ್ರಿಕ ದೋಷ ಎಂದರೆ ತಾನು. ಅದನ್ನು ಮಡಚಿ ಡ್ರಾಯರಿನಲ್ಲಿಟ್ಟಳು.

ಹತ್ತೊಂಬತ್ತನೇ ದಿನ ವಾರ್ಡಿನ ಬಾಗಿಲಲ್ಲಿ ಹೊಸ ವಾಚ್‌ಮನ್ ಕೂತಿದ್ದ. ಮುಂದೆ ರಿಜಿಸ್ಟರು. ಹೆಸರು ಬರೆದುಕೊಂಡ, ಮಂಚದ ನಂಬರು ಬರೆದುಕೊಂಡ.

‘ರೋಗಿಗೆ ನೀವೇನಾಗ್ಬೇಕು?’

ಶೋಶಾಮ್ಮ ರಿಜಿಸ್ಟರಿನ ಖಾಲಿ ಮನೆಯನ್ನೇ ನೋಡಿದಳು. ಹಿಂದೆ ಸಾಲು ಬೆಳೆಯಿತು, ಯಾರದೋ ಟಿಫಿನ್ ಕ್ಯಾರಿಯರು ಬೆನ್ನಿಗೆ ತಾಗಿತು.

‘ಚೇಚಿ, ನಿಮ್ಮನ್ನೇ. ಏನಾಗ್ಬೇಕು? ಅಕ್ಕನಾ, ಅತ್ತೇನಾ, ನೆರೆಯವರಾ? ಇಲ್ಲಿ ಏನಾದ್ರೂ ಒಂದು ಬರೀಬೇಕು.’

ಸುಳ್ಳಲ್ಲದ ಒಂದು ಮಾತು ಇರಬೇಕಿತ್ತು. ಒಂದೊಂದನ್ನೇ ಎತ್ತಿ ನೋಡಿದಳು, ಯಾವುದೂ ಕೂರಲಿಲ್ಲ. ಅಷ್ಟರಲ್ಲಿ ಸಾಲಿನ ಕೊನೆಯಿಂದ ಭಾರ್ಗವನ್ ಜನರನ್ನು ತಳ್ಳಿಕೊಂಡು ಬಂದ. ಕೈಯಲ್ಲಿ ಕಂಜಿಯ ಪಾತ್ರೆ, ಮುಖದ ತುಂಬ ಬೆವರು. ‘ಕೇಳಿದ್ರಾ? ಬೆಳಿಗ್ಗೆಯಿಂದ ನಾನೂರು ಎಮ್ಮೆಲ್ ಮೂತ್ರ! ನಾನೂರು! ಅಳತೆ ಜಾಡಿ ನಾನೇ ಎತ್ತಿ ನೋಡಿದೆ. ಇನ್ನು ಡಯಾಲಿಸಿಸ್ ಬೇಡವಾಗಬಹುದು ಅಂದ್ರು ಚಿಕ್ಕ ಡಾಕ್ಟರಮ್ಮ’ ಎಂದು, ಸುತ್ತ ಇದ್ದವರೆಲ್ಲ ತಿರುಗಿ ನೋಡುವಂತೆ ಕೂಗಿದ. ಆಮೇಲೆ ವಾಚ್‌ಮನ್ ಪೆನ್ನು ಹಿಡಿದು ಕಾಯುತ್ತಿರುವುದನ್ನು ಕಂಡು, ‘ನಮ್ಮೋರೇ ಕಣಪ್ಪ, ಅವಳ ಚೇಚಿ. ಬಿಡು ಒಳಗೆ’ ಎಂದ.

ವಾಚ್‌ಮನ್ ಬರೆದುಕೊಂಡ. ಎದುರಿನಿಂದ ತಲೆಕೆಳಗಾಗಿ ಕಂಡರೂ ಶೋಶಾಮ್ಮನಿಗೆ ಅಕ್ಷರ ಓದಲು ಬಂತು: ಅಕ್ಕ. ಅದು ತಪ್ಪು. ತಪ್ಪು ಮಾತು ಬರೆದರೆ ಏನಾಗುತ್ತದೆ ಎಂಬುದು ಆ ಕಟ್ಟಡದಲ್ಲಿ ಅವಳಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ತಿದ್ದಲು ಬಾಯಿ ತೆರೆದಳು. ಹಿಂದಿನವರು ‘ಹೋಗಿಯಮ್ಮ’ ಎಂದು ಗೊಣಗಿದರು. ಭಾರ್ಗವನ್ ಆಗಲೇ ಒಳಗೆ ಹೋಗಿ, ಬಾಗಿಲನ್ನು ಅವಳಿಗಾಗಿ ಕಾಲಿನಿಂದ ತಡೆದು ಹಿಡಿದಿದ್ದ. ಅವಳು ಬಾಯಿ ಮುಚ್ಚಿಕೊಂಡು, ಕದ್ದವಳಂತೆ ತಲೆ ತಗ್ಗಿಸಿ, ಒಳಗೆ ನಡೆದಳು.